ಜೈಲಿಗೆ ಬಾರದವರು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ನಮ್ಮ ಜೈಲಿನಿಂದ ಇವತ್ತು ಬೀಳ್ಕೊಡುಗೆಯ ಹಾರ ಹಾಕಿಸಿಕೊಂಡು ಹೊರಹೋಗುತ್ತಿರುವ ಏಕೈಕ ವ್ಯಕ್ತಿಯಾದ ಪ್ರವಚನದ ಗುರುಗಳೇ, ಸಹೋದ್ಯೋಗಿಗಳೇ, ಸಭಿಕರೇ,

ಕಳೆದ ವಾರ ಗುರುಗಳು ನನ್ನ ಕೋಣೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು ಒಂದು ಪ್ರಶ್ನೆ ಕೇಳಿದರು. "ಜೈಲರ್ ಸಾಹೇಬರೇ, ಇಷ್ಟು ವರ್ಷ ಇಲ್ಲಿ ಕೈದಿಗಳಿಗೂ ಹೊರಗೆ ಊರವರಿಗೂ ದೇವರ ವಿಷಯ ಹೇಳಿದೆ. ಅದರಿಂದ ಒಬ್ಬರಾದರೂ ತಪ್ಪು ಮಾಡದೆ ನಿಂತಿದ್ದಾರಾ? ಹೊಗಳಬೇಡಿ, ನಿಜ ಹೇಳಿ." ಅವರ ಮುಖ ನೋಡಿ ನನಗೆ ಸಂಕಟವಾಯಿತು. ಸಭೆಯಲ್ಲೇ ಹೇಳುತ್ತೇನೆ ಎಂದು ಜಾರಿಕೊಂಡೆ.

ಮಹನೀಯರೇ, ನಾನು ಕಂಡದ್ದೇನು? ನಮ್ಮಲ್ಲಿ ಪ್ರಾರ್ಥನೆಗೆ ಜಾಗ ಸಾಲುವುದಿಲ್ಲ, ವ್ಯಾಯಾಮಕ್ಕೆ ಕರೆದರೆ ಎಲ್ಲರಿಗೂ ಸೊಂಟನೋವು. ಬೀಗ ಒಡೆಯುವ ಮುನ್ನ ದೇವರಿಗೆ ಕೈಮುಗಿದವನೊಬ್ಬನಿದ್ದಾನೆ. ಸಿಕ್ಕಿಬಿದ್ದದ್ದಕ್ಕೆ ಈಗ ಅದೇ ದೇವರ ಮೇಲೆ ಮುನಿಸಿಕೊಂಡಿದ್ದಾನೆ. ಹಾಗಾದರೆ ಭಕ್ತಿ ಯಾರನ್ನೂ ತಡೆಯುವುದಿಲ್ಲವೇ? ಹಾಗೆನ್ನಲು ನಾನು ಯಾರು? ಭಕ್ತಿ ತಡೆಯದವರು ಮಾತ್ರ ನನ್ನ ಬಾಗಿಲಿಗೆ ಬರುತ್ತಾರೆ. ತಡೆದವರು ತಂತಮ್ಮ ಮನೆಯಲ್ಲಿ ಉಂಡು ಮಲಗಿರುತ್ತಾರೆ. ಅವರನ್ನು ನಾನೆಲ್ಲಿ ಹುಡುಕಲಿ?

ಆದರೂ ಅಂಥ ಒಬ್ಬರನ್ನು ಬಲ್ಲೆ. ಒಬ್ಬ ಹೆಂಗಸು. ಊರಿನ ಸಭಾಂಗಣದಲ್ಲಿ ಗುರುಗಳು ಮಾಡುತ್ತಿದ್ದ ಪ್ರವಚನಕ್ಕೆ ತಪ್ಪದೆ ಹೋಗುತ್ತಿದ್ದವರು. ಗಂಡ ಹೊಡೆಯುತ್ತಿದ್ದ. ಒಂದು ಬೆಳಿಗ್ಗೆ ಅವನ ಚಹಾಕ್ಕೆ ಇಲಿಪಾಷಾಣ ಬೆರೆಸಿದರು. ಲೋಟ ಹಿಡಿದು ಅಡುಗೆಮನೆಯ ಹೊಸ್ತಿಲವರೆಗೆ ಬಂದವರು, ತಿರುಗಿ ಹೋಗಿ ಬಚ್ಚಲಿಗೆ ಚೆಲ್ಲಿದರು. ಆಮೇಲೆ ಆ ಮನೆಯನ್ನೇ ಬಿಟ್ಟು ಬಂದರು. ಬಹಳ ದಿನದ ಮೇಲೆ ಇದನ್ನು ನನಗೆ ಹೇಳಿದಾಗ ಕೇಳಿದೆ, "ಆ ಹೊತ್ತಲ್ಲಿ ದೇವರು ನೆನಪಾದನೇನಕ್ಕ?"

ಅಕ್ಕ ಎಂದುಬಿಟ್ಟೆ. ಇರಲಿ, ಬಾಯಿಂದ ಬಂದಾಯಿತು.

"ನೆನಪಾದ ಕಣೋ," ಎಂದಳು. "ಎಂಥ ತಪ್ಪು ಮಾಡಿದ್ರೂ ಅವನು ಕ್ಷಮಿಸ್ತಾನೆ ಅಂತ ಗುರುಗಳು ಹೇಳ್ತಿದ್ರಲ್ಲ, ಅದಕ್ಕೇ ಬೆರೆಸೋ ಧೈರ್ಯ ಬಂತು. ಹೊಸ್ತಿಲ ಹತ್ರ ನೀನು ನೆನಪಾದೆ. ನನ್ನ ಒಳಗೆ ಕೂರಿಸಿ ಬೀಗ ಹಾಕೋನು ನೀನೇ ಅಲ್ವಾ? ನಿನ್ನ ಕೈ ನಡುಗುತ್ತಲ್ಲ ಅನ್ನಿಸ್ತು."

ಗುರುಗಳೇ, ಇದು ನೀವು ಬಯಸಿದ ಉತ್ತರವಲ್ಲ. ದೇವರು ತಡೆದ ಎನ್ನಲು ನನ್ನಲ್ಲಿ ಸಾಕ್ಷಿಯಿಲ್ಲ. ನಿಮ್ಮ ಮಾತಿನಿಂದ ನಮ್ಮ ಭಾವನ ಪ್ರಾಣವೇ ಹೋಗುತ್ತಿತ್ತು ಎಂಬುದಕ್ಕೆ ಬೇಕಾದರೆ ಇದೆ. ಆದರೆ ಯಾರೂ ಕೈಯೆತ್ತದ ಒಂದು ಜಾಗದಲ್ಲಿ ಅವಳು ವಾರಕ್ಕೊಮ್ಮೆ ನೆಮ್ಮದಿಯಾಗಿ ಕೂರುತ್ತಿದ್ದದ್ದು ನಿಮ್ಮೆದುರಿಗೆ. ಆಗ ಅಷ್ಟನ್ನಾದರೂ ಅವಳಿಗೆ ಕೊಟ್ಟವರು ಬೇರೆ ಯಾರೂ ಇರಲಿಲ್ಲ, ಒಡಹುಟ್ಟಿದ ನಾನೂ ಕೊಟ್ಟಿರಲಿಲ್ಲ.

ಸಭೆ ಮುಗಿದ ಮೇಲೆ ನಿಮ್ಮನ್ನು ಮನೆಗೆ ಕರೆತರಬೇಕೆಂದು ಅವಳ ಅಪ್ಪಣೆಯಾಗಿದೆ. ಚಹಾ ಅವಳೇ ಮಾಡುತ್ತಾಳೆ. ಹೆದರಬೇಡಿ, ನಾನು ದಿನವೂ ಅದನ್ನೇ ಕುಡಿದು ಕೆಲಸಕ್ಕೆ ಬರುತ್ತೇನೆ.

ಇಷ್ಟು ಹೊತ್ತು ಕಿವಿಗೊಟ್ಟ ತಮಗೆಲ್ಲ ವಂದನೆಗಳು. ನಮಸ್ಕಾರ.