ಗಟ್ಟಿಯಾಗದ ಹೆಜ್ಜೆ

ಮಾನ್ಯ ಅಧ್ಯಕ್ಷರೇ, ಅರಣ್ಯ ಇಲಾಖೆಯ ಅಧಿಕಾರಿಗಳೇ, ವೇದಿಕೆಯ ಮೇಲೆ ನನಗಿಂತ ನೆಟ್ಟಗೆ ಕುಳಿತಿರುವ ಗಣ್ಯರೇ, ಮುಖಕ್ಕೆ ಪಟ್ಟೆ ಬಳಿದುಕೊಂಡು ಬೆವರುತ್ತಿರುವ ಪುಟಾಣಿ ಹುಲಿಗಳೇ, ಹಾಗೂ ಆಗಲೇ ಊಟದ ಕೋಣೆಯ ಕಡೆ ಕಣ್ಣಿಟ್ಟಿರುವ ಸಭಿಕರೇ,

ಹುಲಿ ಸಂರಕ್ಷಣೆಯ ದಿನದಂದು ಪ್ಲಾಸ್ಟರ್ ವ್ಯಾಪಾರಿಯನ್ನು ಯಾಕೆ ಕರೆದಿರಿ? ನಿರೂಪಕರು ನನ್ನನ್ನು ಪರಿಸರಪ್ರೇಮಿ ಎಂದರು. ಪಾಪ, ಬರೆದುಕೊಟ್ಟದ್ದನ್ನು ಓದಿದರು. ನಿಜವಾದ ಕಾರಣ ಈ ಸಭೆಯಲ್ಲಿ ಎಲ್ಲರಿಗೂ ಗೊತ್ತು. ಕಾಡಂಚಿನ ನನ್ನ ಜಮೀನಿಗೆ ಮುಳ್ಳುತಂತಿಯ ಬೇಲಿ ಹಾಕಿಸಿದ್ದೇನೆ. ಹುಲಿ ಓಡಾಡುವ ದಾರಿಗೆ ಅದು ಅಡ್ಡವಾಗಿದೆ ಎಂಬುದು ಇಲಾಖೆಯವರ ಅಳಲು. ಕಚೇರಿಗೆ ಕರೆದರೆ ನಾನು ಬರುವವನಲ್ಲ, ಸನ್ಮಾನ ಎಂದರೆ ತಪ್ಪಿಸಿಕೊಳ್ಳುವವನಲ್ಲ ಎಂದು ಯಾರೋ ಸರಿಯಾಗಿಯೇ ಅಂದಾಜು ಮಾಡಿದ್ದಾರೆ. ಅವರು ನನ್ನ ಅಂಗಡಿಯಲ್ಲಿರಬೇಕಿತ್ತು.

ಇರಲಿ. ಈಗ ಮರಕ್ಕೆ ಕ್ಯಾಮೆರಾ ಕಟ್ಟಿ ಹುಲಿಯನ್ನು ಎಣಿಸುತ್ತೀರಿ. ಆಗ ಹೆಜ್ಜೆ ನೋಡಿ ಎಣಿಸುತ್ತಿದ್ದರು. ಮಣ್ಣಿನ ಮೇಲಿನ ಹೆಜ್ಜೆಗುರುತಿನ ಸುತ್ತ ತಗಡಿನ ಪಟ್ಟಿ ನಿಲ್ಲಿಸಿ, ಒಳಗೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಎತ್ತಿ ಅಚ್ಚು ತೆಗೆಯುವುದು. ಆ ಪ್ಲಾಸ್ಟರ್ ಒದಗಿಸುವ ಕೆಲಸ ನನಗೆ ಸಿಕ್ಕಿತ್ತು. ಅಂಗಡಿ ಎಂದರೆ ಆಗ ಒಂದು ಸೈಕಲ್ಲು, ಅದರ ಹಿಂದೆ ಒಂದು ಮೂಟೆ.

ಮೊದಲ ದಿನವೇ ಎಡವಟ್ಟು ಮಾಡಿಕೊಂಡೆ. ಚಾವಣಿ ಕೆಲಸದವರಿಗೆಂದು ಅಂಟು ಬೆರೆಸಿಟ್ಟ ಮೂಟೆಯನ್ನು ಒಯ್ದಿದ್ದೆ. ಚಾವಣಿಯವರಿಗೆ ನಿಧಾನವಾಗಿ ಗಟ್ಟಿಯಾಗಬೇಕು, ತೀಡಲು ಸಮಯ ಬೇಕಲ್ಲ! ಹುಲಿಯ ಹೆಜ್ಜೆಗೆ ಸುರಿದೆವು. ಅದು ಮಜ್ಜಿಗೆಯ ಹಾಗೆ ಸುಮ್ಮನೆ ಕುಳಿತಿತು. ಅರಣ್ಯ ಕಾವಲುಗಾರರು ಬೆರಳಲ್ಲಿ ಮುಟ್ಟಿ ನೋಡಿದರು, ನನ್ನನ್ನೂ ನೋಡಿದರು.

“ಏನಯ್ಯಾ, ಹುಲಿ ಮುದಿಯಾಗೋವರೆಗೂ ಕಾಯ್ಬೇಕಾ? ಇದು ಗಟ್ಟಿಯಾಗೋ ತನಕ ನೀನು ಇಲ್ಲಿಂದ ಏಳಕೂಡದು!”

ಹಾಗೆಂದು ಮುಂದಿನ ಗುರುತು ಹುಡುಕಿಕೊಂಡು ಹೋದರು. ನನ್ನ ಮೇಲೆ ನಂಬಿಕೆ ಸಾಲದೆ, ನೀರು ಹೊತ್ತು ತಂದಿದ್ದ ತಮ್ಮ ಮಗಳನ್ನು ಕಾವಲಿಗೆ ಬಿಟ್ಟರು. ಒಬ್ಬ ತಂದೆ ಮಾಡಬಹುದಾದ ತಪ್ಪುಗಳಲ್ಲಿ ಅದೇ ದೊಡ್ಡದು ಎಂದು ಅವರು ಕೊನೆಯವರೆಗೂ ಹೇಳುತ್ತಿದ್ದರು.

ಅವಳು ಕೊಡ ಬೋರಲು ಹಾಕಿ ಅದರ ಮೇಲೆ ಕುಳಿತಳು. ದೊಡ್ಡ ಹೆಜ್ಜೆಯ ಪಕ್ಕದಲ್ಲಿದ್ದ ಪುಟ್ಟ ಗುರುತುಗಳನ್ನು ತೋರಿಸಿದಳು.

“ಬಾಣಂತಿ ಅವಳು. ಮರಿಗಳನ್ನ ಕರ್ಕೊಂಡು ಹಳ್ಳಕ್ಕೆ ಹೋಗ್ತಾಳೆ. ಇದೊಂದೇ ದಾರಿ ಅವಳಿಗೆ.”

“ಈಗ ಬಂದ್ರೆ?”

“ಪ್ಲಾಸ್ಟರ್ ಯಾಕ್ರೀ ಇನ್ನೂ ಒಣಗಿಲ್ಲ ಅಂತ ನಿಮ್ಮನ್ನೇ ಕೇಳ್ತಾಳೆ.”

ನಾನು ನಕ್ಕೆ. ಭಯಕ್ಕೆ ನಕ್ಕೆನೋ, ಬೇರೆ ಯಾತಕ್ಕೋ! ಅಚ್ಚು ಎತ್ತುವಾಗ ಮುರಿಯಿತು. ಮದುವೆ ಗಟ್ಟಿಯಾಯಿತು.

ಮುಂದೆ ವ್ಯಾಪಾರ ಕೈ ಹಿಡಿಯಿತು. ನಾವಿಬ್ಬರೂ ಕುಳಿತಿದ್ದ ಅದೇ ಕಾಡಂಚಿನ ಜಾಗ ಮಾರಾಟಕ್ಕೆ ಬಂದಾಗ ಕೊಂಡುಕೊಂಡೆ. ಲಾಭ ನೋಡದೆ ನಾನು ಕೊಂಡ ಒಂದೇ ಆಸ್ತಿ ಅದು. ಹಾಗೆಂದು ಹೆಂಡತಿಗೆ ಹೇಳಿದ್ದೆ, ನಾನೂ ನಂಬಿದ್ದೆ. ಹೋದ ವರ್ಷ ಅಳಿಯಂದಿರು ಒಂದು ನಕ್ಷೆ ತಂದರು. “ಮಾವ, ಕಾಟೇಜ್ ಕಟ್ಟೋಣ. ಕಿಟಕಿ ತೆಗೆದ್ರೆ ಕಾಡು!” ನಕ್ಷೆ ಚೆನ್ನಾಗಿತ್ತು. ಮೊದಲು ಬೇಲಿ ಹಾಕಿಸಿದೆ. ನನ್ನ ಜಮೀನು, ನನ್ನ ಬೇಲಿ. ಕಾನೂನು ನನ್ನ ಕಡೆಗಿದೆ. ಈಗಲೂ ಇದೆ.

ನನ್ನಾಕೆ ಒಂದು ದಿನ ಅಲ್ಲಿಗೆ ಹೋಗಿ ಬಂದಳು. ಚಪ್ಪಲಿ ಬಿಟ್ಟು, ಮುಖ ತೊಳೆದು ಬಂದು ಹೇಳಿದಳು: “ಬೇಲಿ ಉದ್ದಕ್ಕೂ ಹೆಜ್ಜೆ ಇದೆ ರೀ. ಪಕ್ಕದಲ್ಲಿ ಮರಿಗಳದ್ದೂ ಇದೆ. ಕೊನೆವರೆಗೂ ಹೋಗಿ, ಲಾರಿ ರಸ್ತೆ ಕಡೆ ತಿರುಗಿದೆ.”

ಅಷ್ಟೇ. ಆಮೇಲೆ ನಮ್ಮ ಮನೆಯಲ್ಲಿ ಮಾತೆಂದರೆ “ಬಡಿಸಿದೆ”, “ಫೋನು”, “ಬಾಗಿಲು ಹಾಕ್ಕೊಳ್ಳಿ”. ಇಡೀ ಊರಿಗೆ ಮಾತು ಮಾರುವವನ ಮನೆಯಲ್ಲಿ ಮಾತಿಗೆ ಬರ! ಊಟಕ್ಕೆ ಕುಳಿತರೆ ಗಡಿಯಾರದ ಸದ್ದು ಕೇಳಿಸುತ್ತದೆ. ಜಗಳವಾಡಿದ್ದರೆ ಗೆಲ್ಲುತ್ತಿದ್ದೆ ಸ್ವಾಮಿ. ಮೌನದ ಜೊತೆ ಹೇಗೆ ಚೌಕಾಸಿ ಮಾಡುವುದು?

ಹುಲಿಯ ಮಹತ್ವದ ಬಗ್ಗೆ ಮಾತನಾಡಿ ಎಂದಿದ್ದಿರಿ. ಮಹತ್ವ ಅಧ್ಯಕ್ಷರು ಹೇಳುತ್ತಾರೆ. ನನಗೆ ತಿಳಿದದ್ದು ಇಷ್ಟು: ಈಗ ಬೇಲಿ ಸುತ್ತುವ ಆ ಹುಲಿಯ ಅಜ್ಜಿಯೋ ಮುತ್ತಜ್ಜಿಯೋ ನಡೆದ ದಾರಿಯಲ್ಲಿ ನಾವಿಬ್ಬರು ಒಂದು ಮಧ್ಯಾಹ್ನ ಕುಳಿತಿದ್ದೆವು. ಕುಳಿತವರು ಎದ್ದು ಬರಬೇಕು, ಜಾಗ ನಮ್ಮದೇ ಎನ್ನಬಾರದು. ಆದ್ದರಿಂದ ಬೇಲಿಯನ್ನು ತೆಗೆಸುತ್ತೇನೆ. ಕಾಟೇಜ್ ಇಲ್ಲ. ಅಳಿಯಂದಿರೇ, ಎದ್ದು ಹೋಗಬೇಡಿ, ಊಟ ಇದೆ. ನಾಳೆ ಬೆಳಿಗ್ಗೆ ಕೆಲಸದವರನ್ನು ಕಳುಹಿಸುತ್ತೇನೆ. ಅಧಿಕಾರಿಗಳೇ, ಚಪ್ಪಾಳೆ ಆಮೇಲೆ, ನಿಮ್ಮ ಕಡೆಯಿಂದಲೂ ಜನ ಕೊಡಿ.

ನನ್ನಾಕೆ ಮೂರನೆಯ ಸಾಲಿನಲ್ಲಿದ್ದಾಳೆ. ಇದು ಅವಳಿಗೂ ಈಗಲೇ ತಿಳಿಯುತ್ತಿದೆ. ಮನೆಯಲ್ಲಿ ಹೇಳಲು ಹೊರಟರೆ ನನಗೆ ಬಾಯೇ ಬರಲಿಲ್ಲ.

ಅಗೋ, ಎದ್ದು ನಿಂತಳು. ಮಕ್ಕಳೇ, ಸ್ವಲ್ಪ ಸುಮ್ಮನಿರಿ. ಏನಂದೆ? ಜೋರಾಗಿ ಹೇಳೇ...

“ನಾಳೆ ಯಾಕ್ರೀ, ಇನ್ನೂ ಬೆಳಕಿದೆಯಲ್ಲ” ಅನ್ನುತ್ತಿದ್ದಾಳೆ.

ಸಭಿಕರೇ, ವಂದನಾರ್ಪಣೆಯವರು ನನ್ನ ಪಾಲಿನ ಕೃತಜ್ಞತೆಯನ್ನೂ ಸೇರಿಸಿ ಹೇಳಿಬಿಡಲಿ. ನನ್ನ ಹೆಂಡತಿ ಕರೆಯುತ್ತಿದ್ದಾಳೆ, ನಾನು ಹೊರಟೆ. ನಮಸ್ಕಾರ.