ರೇನೊನ ಟಾರ್ಚು ಮಿಣುಕಿದ ಬಗೆ

ಇದು ಯಾರೋ ಹೇಳಿ ಯಾರೋ ಕೇಳಿದ್ದಲ್ಲ. ನಮ್ಮ ಎಡಗಡೆ ಮನೆಯ ಡೇಲ್ ನಿಯೆಮಿಗೆ ಆದದ್ದು. ಹೋದ ಹ್ಯಾಲೊವೀನ್, ಅಂದರೆ ದೆವ್ವದ ಹಬ್ಬದ ದಿನ, ಶುಕ್ರವಾರ, ಸಂಜೆ ಏಳು ಗಂಟೆ.

ಮಕ್ಕಳಿಗೆ ಹಂಚುವ ಮಿಠಾಯಿ ಚೀಲ ಹಿಡಿದು ಡೇಲ್ ಕೆರೆದಂಡೆಯಲ್ಲಿ ಮನೆಗೆ ಬರುತ್ತಿದ್ದ. ಕತ್ತಲಾಗಿತ್ತು. ರೇನೊ ಕಾಂಗಸ್‌ನ ದೋಣಿಕಟ್ಟೆ ಬಂತು, ದೋಣಿ ನಿಲ್ಲಿಸುವ ತಗಡಿನ ಅಟ್ಟಣೆ. ಒಂದು ವರ್ಷದಿಂದ ಅಲ್ಲಿ ಅವನು ಹೆಜ್ಜೆ ಚುರುಕು ಮಾಡುತ್ತಿದ್ದ. ನೀರು ತಗಡಿಗೆ ಬಡಿಯುತ್ತಿತ್ತು... ಟಪ್. ಟಪ್.

ತಲೆಯೆತ್ತಿದ. ಎದುರಿಗೆ ಅವನದೇ ಮನೆಯ ಜಗಲಿ. ಜಗಲಿಯ ಮೇಲೆ ಅವನೇ ಮಾಡಿದ ಲಾಟೀನು. ಎರಡು ಸಲ ಫಳಕ್ ಫಳಕ್ ಎಂದು ಮಿಣುಕಿತು... ಆಮೇಲೆ ಒಂದು ಉದ್ದನೆಯ ಬೆಳಕು... ಆಮೇಲೆ ಕತ್ತಲೆ. ಮತ್ತೆ ಎರಡು ಸಲ...

ಚೀಲ ಕೈಯಿಂದ ಜಾರಿತು. ಆ ಮಿಣುಕನ್ನು ಅವನು ಲಾಟೀನಿಗೆ ಕಲಿಸಿರಲೇ ಇಲ್ಲ.

ನಮ್ಮ ದಂಡೆಯಲ್ಲಿ ಹ್ಯಾಲೊವೀನ್ ದೀಪದಾಟ ಅಂದರೆ ಡೇಲ್ ಮತ್ತು ರೇನೊ, ಇಬ್ಬರದೇ ಪೈಪೋಟಿ. ಸೆಪ್ಟೆಂಬರ್ ಬಂದರೆ ಇಬ್ಬರೂ ಶೆಡ್ಡಿನ ಕಿಟಕಿಗೆ ಕಂಬಳಿ ಕಟ್ಟಿಕೊಂಡು ಒಳಗೆ ಬೆಸುಗೆ ಹಾಕುತ್ತಾ ಕೂರುವವರು. ಒಬ್ಬನದನ್ನು ಇನ್ನೊಬ್ಬ ಕದ್ದು ನೋಡುವುದೂ ಆಟದ ಭಾಗವೇ. “ನಿನ್ನ ದೆವ್ವ ನೋಡಿ ಮಕ್ಕಳು ಟಾಟಾ ಮಾಡ್ತಾವೆ ಕಣೋ” ಎಂದು ರೇನೊ ಕೆಣಕುತ್ತಿದ್ದ.

ಅದರ ಹಿಂದಿನ ವರ್ಷ, ಹಬ್ಬಕ್ಕೆ ನಾಲ್ಕು ದಿನ ಇರುವಾಗ, ರೇನೊ ಸತ್ತ. ಕೆರೆ ಹೆಪ್ಪುಗಟ್ಟುವ ಮೊದಲು ಇಲ್ಲಿ ಎಲ್ಲರೂ ದೋಣಿಕಟ್ಟೆಯನ್ನು ತುಂಡು ತುಂಡಾಗಿ ಕಳಚಿ ದಡಕ್ಕೆ ಎಳೆಯುತ್ತಾರೆ. ಇಬ್ಬರ ಕೆಲಸ ಅದು. ಅವನೊಬ್ಬನೇ ನೀರಿಗಿಳಿದ. ಒಂದು ತುಂಡು ಜಾರಿ ಕಾಲಿನ ಮೇಲೆ ಕೂತಿತು.

ಆ ಸಂಜೆ ಡೇಲ್ ತನ್ನ ಶೆಡ್ಡಿನ ಕಂಬಳಿ ಸರಿಸಿ ನೋಡಿದ್ದ. ರೇನೊನ ಕಟ್ಟೆಯ ಹತ್ತಿರ ನೀರಿನ ಮೇಲೆ ಬೆಳಕು ಮಿಣುಕುತ್ತಿತ್ತು. ಮುದುಕ ಹೊಸ ಆಟ ಪರೀಕ್ಷೆ ಮಾಡ್ತಿದಾನೆ ಅಂದುಕೊಂಡ. ಎಷ್ಟು ಚೆನ್ನಾಗಿದೆ... ಜೀವ ಇದ್ದ ಹಾಗೆ ಇದೆ! ಗಡಿಯಾರ ಹಿಡಿದು, ಹತ್ತುವುದೆಷ್ಟು ಆರುವುದೆಷ್ಟು ಎಂದು ಒಂದೊಂದನ್ನೂ ಹಾಳೆಯಲ್ಲಿ ಬರೆದುಕೊಂಡ. ಕದಿಯಲು. ಗಾಳಿ ಆಚೆ ಕಡೆ ಬೀಸುತ್ತಿತ್ತು. ಕೂಗು ಕೇಳಿಸಲಿಲ್ಲ. ಬೆಳಕು ನಿಂತ ಮೇಲೆ ಊಟಕ್ಕೆ ಹೋದ.

ನೀರಿಗೆ ಬಿದ್ದ ಕೂಡಲೇ ಎದೆಬಡಿತ ನಿಂತಿರಬೇಕು ಎಂದರು ಡಾಕ್ಟರು. ರೇನೊನ ಹೆಂಡತಿ ಎಲ್ಮಾ ಅದನ್ನೇ ಎಲ್ಲರಿಗೂ ಹೇಳಿದಳು. “ನರಳಲಿಲ್ಲ. ನನಗೆ ಅಷ್ಟು ಸಾಕು.” ಡೇಲ್ ಅವಳೆದುರು ತಲೆಯಾಡಿಸಿದ. ಮನೆಗೆ ಬಂದು ಹಾಳೆಯನ್ನು ಒಲೆಗೆ ಹಾಕಿದ.

ಈ ಸಲ ದೀಪ ಮಾಡುವ ಮನಸ್ಸೇ ಇರಲಿಲ್ಲ. ಮಾಡದಿದ್ದರೆ ಯಾಕೆ ಎಂದು ಕೇಳುತ್ತಾರಲ್ಲ... ಅದಕ್ಕೇ ಮಾಡಿದ. ಅರವತ್ತು ಎಲ್‌ಇಡಿ, ಹೆಬ್ಬೆರಳಿನಷ್ಟು ಸರ್ಕಿಟ್ಟು, ಮೇಣದಬತ್ತಿ ಅಲುಗಿದ ಹಾಗೆ ಒಂದು ಸಣ್ಣ ಪ್ರೋಗ್ರಾಮು. ಅಷ್ಟೇ.

ಡೇಲ್ ಓಡಿಬಂದು ಲಾಟೀನನ್ನು ಕಂಪ್ಯೂಟರಿಗೆ ಜೋಡಿಸಿದ. ಒಳಗಿದ್ದದ್ದು ಅದೇ ಮೇಣದಬತ್ತಿ. ಅಳಿಸಿದ. ಮತ್ತೆ ತುಂಬಿಸಿದ. ಮೇಜಿನ ಮೇಲೆ ಸರಿಯಾಗಿ ಉರಿಯಿತು. ಜಗಲಿಗೆ ತಂದಿಟ್ಟ... ಫಳಕ್ ಫಳಕ್. ಉದ್ದನೆಯದೊಂದು. ಕತ್ತಲೆ.

ಹಿಂದೆ ಮೆಟ್ಟಿಲು ಕಿರ್ ಎಂದಿತು. ಎಲ್ಮಾ. ಕೈಯಲ್ಲಿ ಏಲಕ್ಕಿ ಬ್ರೆಡ್ಡಿನ ತಟ್ಟೆ.

“ಇದನ್ನ ಎಲ್ಲಿ ನೋಡಿದೆ?” ಪಿಸುಗುಟ್ಟಿದಳು.

“ಏನನ್ನ?”

“ನಾಟಕ ಬೇಡ ಡೇಲ್. ರೇನೊನ ಟಾರ್ಚಿನಲ್ಲಿ ಸೆಲ್ಲು ಸಡಿಲ. ಅಂಗೈಗೆ ಬಡಿದರೆ ಹೀಗೇ ಹತ್ತೋದು, ಹೀಗೇ ಆರೋದು. ಹೊಸದು ತಗೊಳ್ಳೋ ಜಿಪುಣ ಅಂತ ಮೂವತ್ತು ವರ್ಷ ಬೈದಿದೀನಿ.”

ಯಾವತ್ತೋ ನೋಡಿದ್ದೆ ಅಂದಿದ್ದರೆ ಮುಗಿಯುತ್ತಿತ್ತು. ಅವಳ ನಿದ್ದೆ ಅವಳಿಗೆ ಉಳಿಯುತ್ತಿತ್ತು. ಡೇಲ್ ಬಾಯಿ ತೆರೆದ. ಸುಳ್ಳು ಬರಲಿಲ್ಲ.

“ಆವತ್ತೇ ನೋಡಿದ್ದು, ಎಲ್ಮಾ... ಅವನ ಹೊಸ ದೀಪ ಅಂದ್ಕೊಂಡೆ. ನಿಂತು ಬರ್ಕೊಂಡೆ.”

“ಎಷ್ಟು ಹೊತ್ತು?”

ಡೇಲ್ ಲಾಟೀನಿನ ಕಡೆ ತಿರುಗಿದ.

“ಎಷ್ಟು ಹೊತ್ತೋ?”

“ಇಪ್ಪತ್ತೆರಡು ನಿಮಿಷ.”

ತಟ್ಟೆಯನ್ನು ಅವಳು ಮೆಲ್ಲಗೆ ಕೆಳಗಿಟ್ಟಳು.

“ಹೇಳಿದ್ದು ಒಳ್ಳೆಯದಾಯ್ತು ಅಂತ ನನ್ನ ಬಾಯಲ್ಲಿ ಬರಲ್ಲ. ಒಂದು ವರ್ಷ ನೆಮ್ಮದಿಯಾಗಿ ಮಲಗಿದ್ದೆ. ಇವತ್ತು ನೀನು ಅದನ್ನೂ ಕಿತ್ಕೊಂಡೆ... ಆರಿಸು ಅದನ್ನ.”

ಡೇಲ್ ನಾಲ್ಕೂ ಸೆಲ್ಲು ಕಿತ್ತ. ಹುಲ್ಲಿಗೆ ಎಸೆದ.

ಫಳಕ್ ಫಳಕ್... ಉದ್ದನೆಯದೊಂದು... ಕತ್ತಲೆ. ಫಳಕ್ ಫಳಕ್...

ಎಲ್ಮಾ ಮುಂದೆ ಹೋದಳು. ಗವಸು ತೊಟ್ಟ ಬಲಗೈಯಿಂದ ಲಾಟೀನಿನ ಬೆನ್ನಿಗೆ ಎರಡು ಏಟು ಕೊಟ್ಟಳು. ಠಪ್. ಠಪ್. “ಸಾಕು ರೇನೊ. ಗೊತ್ತಾಯ್ತು ನಂಗೆ.”

ಆರಿತು. ಮತ್ತೆ ಹತ್ತಲಿಲ್ಲ.

ಡೇಲ್‌ನ ಕಡೆ ತಿರುಗಿಯೂ ನೋಡದೆ ಇಳಿದು ಬಂದಳು. ತನ್ನ ಮನೆಗೆ ಹೋಗಲಿಲ್ಲ. ನೇರ ನಮ್ಮ ಮನೆಗೆ ಬಂದಳು. ಎಲ್ಲ ಹೇಳಿದಳು. ಆಮೇಲೆ ಡೇಲ್‌ನನ್ನೂ ಕೂರಿಸಿ ಕೇಳಿದೆ. ಒಂದು ಮಾತೂ ಹೆಚ್ಚುಕಡಿಮೆ ಇರಲಿಲ್ಲ. ನಂಬುವವರು ನಂಬಲಿ. ಕಿಟಕಿಯ ಥರ್ಮಾಮೀಟರನ್ನು ನಾನು ದಿನಾ ಎರಡು ಹೊತ್ತು ನೋಡಿ ಬರೆದಿಡುವವಳು. ಆ ಸಂಜೆ ಅದು ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಹದಿನಾಲ್ಕು ಡಿಗ್ರಿ ಮೇಲಿತ್ತು. ಎಲ್ಮಾಳ ಎಡಗೈ ಗವಸು ಬೆಚ್ಚಗೆ, ಒಣಗಿತ್ತು. ಬಲಗೈಯದು ಮಣಿಕಟ್ಟಿನವರೆಗೆ ಮಂಜುಗಟ್ಟಿ ಮರದ ಹಾಗೆ ಸೆಟೆದಿತ್ತು. ಎಳೆದರೆ ಬರಲಿಲ್ಲ. ಅಡುಗೆಮನೆಯ ಕತ್ತರಿಯಿಂದ ನಾನೇ ಕತ್ತರಿಸಿ ತೆಗೆದೆ.