ಲುಸಿಂಡಾ ಹಡಗಿನ ಮರದ ಹೆಣ್ಣು

ಆ ಸಂಜೆ ಸೌತ್ ಸ್ಟ್ರೀಟಿನಲ್ಲಿ ಮಳೆ ಹೊಯ್ಯುತ್ತಿದ್ದ ರಭಸಕ್ಕೆ ನದಿಯಾಚೆಯ ಬ್ರೂಕ್ಲಿನ್ ದಡವೇ ಕಾಣುತ್ತಿರಲಿಲ್ಲ. ಹಡಗಿನಿಂದ ಸಾಮಾನು ಇಳಿಸುವ ಹಮಾಲರು ನಾವು. ಕೆಲಸ ನಿಂತಿದ್ದರಿಂದ ನಾಲ್ಕೈದು ಜನ ಡೀಲಿಯಾ ಅಜ್ಜಿಯ ಹೊಗೆಸೊಪ್ಪಿನ ಅಂಗಡಿಗೆ ನುಗ್ಗಿದೆವು. ಅಜ್ಜಿ ಬೈಯುತ್ತಲೇ ಒಲೆಗೆ ಕಲ್ಲಿದ್ದಲು ಸುರಿದಳು, ಬೈಯುತ್ತಲೇ ಚಹಾ ಕೊಟ್ಟಳು. ಹುಡುಗಿಯಾಗಿದ್ದಾಗ ಐರ್ಲೆಂಡಿನಿಂದ ಬಂದವಳು, ನಮ್ಮ ಅಪ್ಪಂದಿರಿಗೂ ಚುಟ್ಟ ಸುತ್ತಿ ಕೊಟ್ಟವಳು. ಅವಳ ಬೈಗುಳ ತಿನ್ನದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

ನಮ್ಮಲ್ಲಿ ಹೊಸಬನಾದ ಎಮೆಟ್‌ಗೆ ಸುಮ್ಮನೆ ಕೂರಲು ಬಾರದು. "ಅಜ್ಜಿ, ಹಳೇ ಹೊಗೆಸೊಪ್ಪಿನ ಅಂಗಡಿ ಅಂದ್ರೆ ಬಾಗಿಲಲ್ಲಿ ಚುಟ್ಟ ಹಿಡ್ಕೊಂಡಿರೋ ಮರದ ಬೊಂಬೆ ನಿಂತಿರುತ್ತೆ. ನಿಮ್ದೆಲ್ಲಿ? ಚಳಿಗೆ ಒಲೆಗೆ ಹಾಕ್ಬಿಟ್ರಾ?" ಎಂದು ಕೆಣಕಿದ. ನಾವು ನಕ್ಕೆವು. ಅಜ್ಜಿ ನಗಲಿಲ್ಲ. ಕೈಯಲ್ಲಿದ್ದ ಲೋಟ ಕೆಳಗಿಟ್ಟು, "ಕೇಳೋದಾದ್ರೆ ಪೂರ್ತಿ ಕೇಳ್ಬೇಕು. ನಡುವೆ ಎದ್ದು ಹೋಗೋ ಹಾಗಿಲ್ಲ" ಎಂದಳು. ಆಮೇಲೆ ಹೇಳತೊಡಗಿದಳು.

ಈ ಅಂಗಡಿ ನಂದಲ್ಲ ಕಣ್ರೋ, ಮಿನ್ನಾದು. ಜರ್ಮನಿಯವಳು, ನಂಗಿಂತ ಸ್ವಲ್ಪ ದೊಡ್ಡವಳು, ನಾನು ಅವಳ ಹತ್ರ ಚುಟ್ಟ ಸುತ್ತೋ ಕೆಲಸಕ್ಕಿದ್ದೆ. ಅವಳ ಗಂಡ ಕಾರ್ಸ್ಟನ್ ಲುಸಿಂಡಾ ಅನ್ನೋ ಹಾಯಿ ಹಡಗಲ್ಲಿ ಬಡಗಿ. ಮದುವೆ ಆಗಿ ವರ್ಷ ತುಂಬಿರ್ಲಿಲ್ಲ... ಹಡಗು ಹೋದದ್ದು ಹೋಯ್ತು, ಬರ್ಲೇ ಇಲ್ಲ. ಒಂದು ಹೆಣ ಇಲ್ಲ, ಒಂದು ಹಲಗೆ ಇಲ್ಲ. ಮಿನ್ನಾ ವಿಧವೆಯ ಕಪ್ಪು ಬಟ್ಟೆ ಉಡಲಿಲ್ಲ, ಅಳಲೂ ಇಲ್ಲ. ದಿನಾ ಸಂಜೆ ಅವನ ತಟ್ಟೆ ಮೇಜಿನ ಮೇಲಿಟ್ಟು ಕಾಯೋಳು. ಆಮೇಲೆ ಚಳಿಗಾಲ ಕಳೀತಿದ್ದ ಹಾಗೆ ಲಾಂಗ್ ಐಲೆಂಡ್ ದಡಕ್ಕೆ ಒಂದು ತುಂಡು ಬಂದು ಬಿತ್ತು. ಏನು ಗೊತ್ತಾ? ಹಡಗಿನ ಮೂತಿಯಲ್ಲಿ ಮುಂದಕ್ಕೆ ಬಾಗ್ಕೊಂಡು ಇರ್ತಾಳಲ್ಲ ಮರದ ಹೆಣ್ಣು... ಅವಳು. ಮಿನ್ನಾ ಗಾಡಿ ಕಟ್ಟಿಸ್ಕೊಂಡು ಹೋಗಿ ಅದನ್ನ ಹೇರ್ಕೊಂಡು ಸೀದಾ ಊಲ್ರಿಕ್ ಮುದುಕನ ಕೆತ್ತನೆ ಮನೆಗೆ ತಂದ್ಲು.

ಈ ದಡದಲ್ಲಿ ಊಲ್ರಿಕ್‌ನಂಥ ಕೆತ್ತನೆಗಾರ ಇನ್ನೊಬ್ಬ ಇರ್ಲಿಲ್ಲ. ಆದ್ರೆ ಉಗಿ ಹಡಗು ಬಂದ್ವು ನೋಡಿ, ಕಬ್ಬಿಣದ ಮೂತಿಗೆ ಬೊಂಬೆ ಯಾರು ಕೂರಿಸ್ತಾರೆ? ಹೊಟ್ಟೆಪಾಡಿಗೆ ಕೆತ್ತನೆಗಾರರೆಲ್ಲ ಹೊಗೆಸೊಪ್ಪಿನ ಅಂಗಡಿ ಬೊಂಬೆಗೆ ಇಳಿದ್ರು. ಮುರಿದ ಹಾಯಿಕಂಬದ ಮರ ತರೋದು, ಹೊಗೆಸೊಪ್ಪು ಮೊದಲು ಬೆಳೆದ ಇಲ್ಲಿನ ಮೂಲ ಜನರ ಹಾಗೆ ತಲೆಗೆ ಗರಿ ಕೆತ್ತೋದು, ಕೈಗೆ ಚುಟ್ಟದ ಕಟ್ಟು ಕೊಡೋದು, ಕಾಲಡಿಗೆ ಚಕ್ರ ಹಾಕೋದು. ಓದೋಕೆ ಬಾರದ ನಾವಿಕನೂ ದೂರದಿಂದ್ಲೇ ನೋಡಿ ಅಂಗಡಿ ಗುರುತು ಹಿಡೀಬೇಕಲ್ಲ! ಗರಿ ತೊಡೋ ಜನರನ್ನ ಊಲ್ರಿಕ್ ಜನ್ಮದಲ್ಲಿ ಕಂಡವನಲ್ಲ. ಅವನು ಕೆತ್ತಿದ್ದ ಮುಖವೆಲ್ಲ ಅವನ ಅತ್ತೆ ಹಾಗೇ ಇರ್ತಿದ್ವು.

ಮಿನ್ನಾ ತಂದದ್ದನ್ನ ನೋಡಿ ಮುದುಕ ಹಿಂದೆ ಸರಿದ. "ಮುಳುಗಿದ ಹಡಗಿನ ಹೆಣ್ಣನ್ನ ನೆಲದ ಮೇಲೆ ನಿಲ್ಲಿಸಬಾರ್ದು ಮಗಳೇ. ಸುಡಬೇಕು, ಇಲ್ಲ ನೀರಿಗೆ ಬಿಡಬೇಕು. ಸತ್ತವರಿಗೆ ಬೇರೆ ದಾರಿ ಗೊತ್ತಿರಲ್ಲ, ಇವಳು ಎಲ್ಲಿದ್ರೆ ಅಲ್ಲಿಗೆ ಬರ್ತಾರೆ" ಅಂದ.

"ಬರ್ಲಿ ಅಂತ್ಲೇ ಅಲ್ವಾ ಮಾವ ನಾನು ತಂದದ್ದು?" ಅಂದ್ಲು ಇವಳು.

ಏನು ಹೇಳ್ತೀರಿ ಅಂಥವಳಿಗೆ? ಮುದುಕನಿಗೂ ಕೆಲಸ ಇರ್ಲಿಲ್ಲ. ಉಳಿ ಹಿಡಿದ. ಬಾಗಿದ್ದ ಬೆನ್ನನ್ನ ನೆಟ್ಟಗೆ ಮಾಡಿದ, ನಿಲುವಂಗಿ ಕೆತ್ತಿ ತೆಗೆದ, ಗರಿ ಕೊಟ್ಟ, ಚುಟ್ಟ ಕೊಟ್ಟ. ಕಣ್ಣು ಮಾತ್ರ ಮುಟ್ಟಲಿಲ್ಲ. ಹಡಗಿನ ಹೆಣ್ಣಿನ ಕಣ್ಣು ಬೇರೆ ಕಣ್ರಪ್ಪಾ... ಎದುರಿಗಿರೋರನ್ನ ಅದು ನೋಡಲ್ಲ, ತಲೆ ಮೇಲಿಂದ ಹಾದು ದೂರದ ನೀರಿಗೆ ನೆಟ್ಟಿರುತ್ತೆ. ಅಂಗಡಿ ಬೊಂಬೆ ಕಣ್ಣು ಹಾಗಲ್ಲ, ಕೊಂಚ ಕೆಳಕ್ಕೆ, ಬೀದಿಲಿ ಹೋಗೋನ ಮುಖಕ್ಕೇ ಕೆತ್ತಿರ್ತಾರೆ. ಹಡಗಿನ ಹೆಣ್ಣಿಗೆ ಯಾವತ್ತೂ ಅಂಗಡಿ ಕಣ್ಣು ಕೆತ್ತಬಾರ್ದು ಅನ್ನೋದು ಅವರ ಕಸುಬಿನ ಕಟ್ಟಳೆ.

ಬೊಂಬೆ ಬಾಗಿಲಿಗೆ ಬಂತು. ಮೊದಲನೇ ಜೋರು ಮಳೆ... ಸಂಜೆ, ಇದೇ ಹೊತ್ತು. ನಾನು ಎಲೆ ಬಿಡಿಸ್ತಾ ಕೂತಿದ್ದೆ. ಹೊರಗೆ ಒಬ್ಬ ನಿಂತಿದ್ದ. ಬೊಂಬೆ ಮುಂದೆ, ಮುಖ ಮೇಲೆತ್ತಿ. ಟೋಪಿಯಿಂದ ನೀರು ಇಳೀತಿತ್ತು, ತೋಳಿಂದ ಇಳೀತಿತ್ತು, ಮಳೆ ನಿಂತ ಮೇಲೂ ಇಳೀತಾನೇ ಇತ್ತು! "ಒಳಗೆ ಬಾರಪ್ಪ" ಅಂದೆ. ತಿರುಗಲಿಲ್ಲ. ಮಿನ್ನಾ ಕಿಟಕಿಗೆ ಬಂದು ನೋಡಿ ನನ್ನ ಕೈ ಹಿಡ್ಕೊಂಡ್ಲು. "ಡೀಲಿ, ಅವನು ಲುಸಿಂಡಾದ ಅಡುಗೆಯವನು. ನನ್ನ ಮದುವೇಲಿ ಕುಣಿದಿದ್ದ" ಅಂದ್ಲು. ಅವಳ ಮುಖದಲ್ಲಿ ಭಯ ಇತ್ತು ಅಂದ್ಕೊಂಡ್ರಾ? ಸಂತೋಷ ಕಣ್ರೋ, ಸಂತೋಷ! ಅದನ್ನ ನೋಡಿ ನಂಗೆ ಭಯ ಆಯ್ತು.

ಅಲ್ಲಿಂದ ಮುಂದೆ ಮಳೆ ಬಂದಾಗೆಲ್ಲ ಒಬ್ಬೊಬ್ಬರಾಗಿ ಬಂದ್ರು. ನಿಲ್ಲೋರು, ಅವಳ ಕಣ್ಣು ನೋಡೋರು, ಕಣ್ಣು ನೆಟ್ಟಿದ್ದ ಕಡೆಗೇ ನಡೆದು ಹೋಗೋರು. ಯಾರಿಗೂ ಏನೂ ಮಾಡ್ಲಿಲ್ಲ. ಹಾಗೇ ಬಿಟ್ಟಿದ್ರೆ ದಾರಿ ಸಿಕ್ಕಿ ಹೋಗಿಬಿಡ್ತಿದ್ರೋ ಏನೋ... ಕೊನೆಗೆ ಒಂದು ಸಂಜೆ ಕಾರ್ಸ್ಟನ್ ಬಂದ.

ಮಿನ್ನಾ ಬರಿಗಾಲಲ್ಲಿ ಓಡಿದ್ಲು. ಅವನೆದುರು ನಿಂತ್ಲು, ಹೆಸರು ಹಿಡಿದು ಕೂಗಿದ್ಲು, ಒದ್ದೆ ಕೋಟು ಹಿಡಿದು ಅಲ್ಲಾಡಿಸಿದ್ಲು. ಅವನ ಕಣ್ಣು ಇವಳ ಮೇಲೆ ಬೀಳಲೇ ಇಲ್ಲ. ಮರದ ಹೆಣ್ಣನ್ನ ನೋಡ್ತಿದ್ದ, ಆಸೆಯಿಂದ, ದಣಿದವನು ಹಾಸಿಗೆ ನೋಡೋ ಹಾಗೆ. ಆಮೇಲೆ ಎಲ್ಲರ ಹಾಗೇ ಹೊರಟೇ ಹೋದ. ಒಳಗೆ ಬಂದ ಮಿನ್ನಾ ಅವನ ತಟ್ಟೆ ಎತ್ತಿ ಗೋಡೆಗೆ ಅಪ್ಪಳಿಸಿದ್ಲು. "ನಾನು ಕಾಯ್ದೆ, ಅವನು ಮರಕ್ಕೆ ಸೋತ" ಅಂದ್ಲು. ಸವತಿ ಮೇಲೂ ಅಷ್ಟು ಹೊಟ್ಟೆಕಿಚ್ಚು ಇರಲ್ಲ.

ಮಾರನೇ ದಿನ ಊಲ್ರಿಕ್‌ನ ಕರೆಸಿದ್ಲು. "ಅವಳ ಕಣ್ಣು ತೆಗೆದು ನನ್ನ ಕಣ್ಣು ಕೆತ್ತು ಮಾವ. ಎದುರಿಗೆ ನಿಂತೋನನ್ನೇ ನೋಡೋ ಕಣ್ಣು."

"ಬೇಡ ಕಣೇ. ಮಾಡಬಾರದ್ದು ಅದು."

"ಕೈ ನಡುಗುತ್ತಾ? ಹೇಳಿಬಿಡು, ಬೇರೆಯವರನ್ನ ಕರೀತೀನಿ. ಊಲ್ರಿಕ್‌ಗೆ ಈಗ ಅತ್ತೆ ಮುಖ ಬಿಟ್ಟು ಬೇರೆ ಬರಲ್ವಂತೆ ಅಂತೀನಿ."

ಆ ಮಾತು ನಾಟಿತು ನೋಡಿ. ಕಸುಬಿನವನ ಜಂಬ... ಮುದುಕ ಉಳಿ ತೆಗೆದ. ಮಿನ್ನಾನ ಎಲೆ ಪೆಟ್ಟಿಗೆ ಮೇಲೆ ಕೂರಿಸ್ಕೊಂಡು, ಅವಳನ್ನ ನೋಡೋದು, ಒಂದು ಪೆಟ್ಟು ಹಾಕೋದು. ಒಂದೊಂದು ಪೆಟ್ಟಿಗೂ ಮಿನ್ನಾ ಕಣ್ಣು ಮುಚ್ಚೋಳು. ನಾನು ನೋಡಿದೆ ಕಣ್ರೋ, ಚಕ್ಕೆ ಹಾರಿದ್ದು ಬೊಂಬೆಯಿಂದ, ಕಣ್ಣಲ್ಲಿ ನೀರು ಬಂದದ್ದು ಇವಳಿಗೆ. ನಿಲ್ಲಿಸು ಅಂತ ಕೂಗಿದೆ. ಇಬ್ಬರೂ ಕೇಳ್ಲಿಲ್ಲ.

ಮತ್ತೆ ಮಳೆ ಬಂತು. ಕಾರ್ಸ್ಟನ್ ಬಂದ, ಬೊಂಬೆ ನೋಡಿದ, ತಿರುಗಿ ಕಿಟಕಿಯಲ್ಲಿದ್ದ ಇವಳನ್ನ ನೋಡಿದ. "ಮಿನ್ನಾ" ಅಂದ. ಅವಳು ಬಾಗಿಲು ತೆಗೆದು ತಬ್ಬಿಕೊಂಡ್ಲು. ಅವಳ ಜೀವನದಲ್ಲಿ ಅಷ್ಟು ಸುಖ ಬೇರೆ ಇರಲಿಲ್ಲ, ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ಅವನ ಹೆಗಲಾಚೆ ನಾನು ನೋಡ್ತಿದ್ದೆನಲ್ಲ... ಹಿಂದೆ ಅಡುಗೆಯವನು. ಅವನ ಹಿಂದೆ ಇನ್ನೊಬ್ಬ. ಅವನ ಹಿಂದೆ ಇಡೀ ಹಡಗು. ಎಲ್ಲರೂ ಮಿನ್ನಾನೇ ನೋಡ್ತಿದ್ರು.

ಇನ್ನು ಅವರು ಹೋಗ್ಲಿಲ್ಲ. ರೊಟ್ಟಿ ಅಂಗಡಿಗೆ ಹೋದ್ರೆ ಹಿಂದೆ, ಚರ್ಚಿಗೆ ಹೋದ್ರೆ ಹಿಂದೆ. ಈಗ ಅವಳೊಬ್ಬಳಿಗೇ ಕಾಣೋರು, ನನ್ನ ಕಣ್ಣಿಗೂ ಬೀಳೋರಲ್ಲ, ಅವಳು ನಡೆದಲ್ಲೆಲ್ಲ ಒದ್ದೆ ಹೆಜ್ಜೆ ಮಾತ್ರ ಬೀಳೋವು. ಅಡುಗೆಮನೇಲಿ ಗಂಡನ ಕೈ ಹಿಡಿಯೋಣ ಅಂದ್ರೆ ಸುತ್ತ ಅಷ್ಟೂ ಜನ. "ಅವರನ್ನ ಕಳಿಸು, ನೀನೊಬ್ಬ ಇರು" ಅಂತ ಬೇಡ್ಕೊಂಡ್ಲು. "ಹೇಗೆ ಕಳಿಸ್ಲಿ? ಈಗ ನೀನೇ ಹಡಗಿನ ಹೆಣ್ಣು. ಎತ್ತ ಕಡೆ ಹೋಗ್ಬೇಕು, ಹೇಳು" ಅಂದನಂತೆ ಅವನು. ಎಲ್ಲರದ್ದೂ ಅದೇ ಪ್ರಶ್ನೆ. ಎತ್ತ ಕಡೆ, ಎತ್ತ ಕಡೆ...

ಮಿನ್ನಾ ಕಡ್ಡಿ ಹಾಗೆ ಒಣಗಿದ್ಲು. ಒಂದಿನ ನನ್ನ ಹೆಗಲಿಗೆ ತಲೆ ಇಟ್ಟು ಅತ್ತಳು. "ಪಾಪ, ಅವರು ದಣಿದಿದಾರೆ ಡೀಲಿ. ನನ್ನ ಆಸೆಗೆ ಅವರನ್ನ ತಂದು ಕಟ್ಟಿಹಾಕಿದೆ. ಅವರನ್ನ ಸಮುದ್ರಕ್ಕೆ ಬಿಟ್ಟು ಬರ್ತೀನಿ" ಅಂದ್ಲು. ಬಿಟ್ಟು ಬರ್ತೀನಿ ಅಂದ್ಲು, ಕೇಳಿದ್ರಾ? ಮಳೆಲಿ ಹಡಗುಕಟ್ಟೆ ತುದಿಗೆ ನಡೆದ್ಲು. ನಾನು ಅಮ್ಮನ ಲಂಗಕ್ಕೆ ಜೋತುಬಿದ್ದ ಮಗು ಹಾಗೆ ಅವಳ ತೋಳಿಗೆ ಜೋತುಬಿದ್ದೆ. ಕಣ್ಣಿಗೆ ಕಾಣದ ತಣ್ಣಗಿನ ಕೈಗಳು ಬಂದು ನನ್ನ ಬೆರಳನ್ನ ಬಿಡಿಸಿದ್ವು, ಮೆತ್ತಗೆ, ನೋವಾಗದ ಹಾಗೆ. ಅವಳು ನೀರಿಗೆ ಇಳಿದ್ಲು. ಹಿಂದೆ ನೀರು ಕದಡಿತು, ಎಷ್ಟೋ ಜನ ಒಟ್ಟಿಗೆ ಇಳಿದ ಹಾಗೆ.

ಊಲ್ರಿಕ್ ಬೊಂಬೆನ ಕಡಿದು ಸುಟ್ಟ. ಮುಗೀತು ಅಂದ, ಕುಡೀತಾ ಕುಡೀತಾ ತಾನೂ ಮುಗಿದ. ಆದ್ರೆ ಏನು ಮುಗೀತು ಹೇಳಿ? ಅವರು ಮರದ ಹಿಂದೆ ಹೋಗ್ತಿರ್ಲಿಲ್ವಲ್ಲ, ಮಿನ್ನಾ ಹಿಂದೆ ಹೋಗ್ತಿದ್ರು. ಹಡಗಿನ ಹೆಣ್ಣಿಗೆ ಸಮುದ್ರದ ದಾರಿ ಗೊತ್ತಿರುತ್ತೆ. ಮಿನ್ನಾ ಅಂಗಡಿ ಹೆಂಗಸು. ಅವಳಿಗೆ ಗೊತ್ತಿದ್ದದ್ದು ಮನೆ ದಾರಿ ಒಂದೇ.

ಹೆದರಿಕೆ ಆಗಲ್ವಾ ಅಂತ ಕೇಳ್ಬೇಡಿ. ಆಗುತ್ತೆ. ಆದ್ರೂ ಅವಳ ಮನೆ ಇದು, ಅವಳಂದ್ರೆ ನಂಗೆ ಪ್ರಾಣ. ಬಾಗಿಲು ಹಾಕೋಕೆ ನಾನ್ಯಾರು? ಎಮೆಟ್, ನೀವೆಲ್ಲ ಒಲೆ ಹತ್ರ ಕೂತಿದೀರಿ, ಆ ಮೂಲೆಗೆ ಯಾರೂ ಹೋಗಿಲ್ಲ. ಅಲ್ಲಿ ನೆಲದ ಮೇಲಿರೋ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟು ನೋಡು. ಉಪ್ಪು ಅಲ್ವಾ? ಹೂಂ... ಬಂದ್ಲು ಹಾಗಾದ್ರೆ. ಎಲ್ಲರೂ ಒಂಚೂರು ಒತ್ತೊತ್ತಾಗಿ ಕೂತ್ಕೊಳ್ಳಿ, ಜಾಗ ಸಾಲಲ್ಲ. ಅವಳು ಒಬ್ಬಳೇ ಬರಲ್ಲ.